ಜಗತ್ತನ್ನ ಅತಿ ಹೆಚ್ಚು ಬದಲಾಯಿಸಿದ್ದು ಯಾವುದು? ನನ್ನ ವೋಟು ಅಮೋನಿಯಾಗೆ

(ಒಂದು ಚರ್ಚಾ ಸಭೆಯಲ್ಲಿ ಮಾತಾಡಿದ್ದನ್ನ ಬರಹಕ್ಕೆ ಇಳಿಸಿದ್ದೀನಿ. ಕೊನೆಗೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೀನಿ.)

ಎಲ್ಲರಿಗೂ ನಮಸ್ಕಾರ. ಇಲ್ಲಿವರೆಗೂ ಮಾತಾಡಿದವರು ಮುದ್ರಣ ಯಂತ್ರ ಅಂದ್ರು, ಸ್ಟೀಮ್ ಎಂಜಿನ್ ಅಂದ್ರು, ಕರೆಂಟು, ಕಂಪ್ಯೂಟರು, ಲಸಿಕೆ ಎಲ್ಲಾ ಬಂತು. ಎಲ್ಲಾದಕ್ಕೂ ಒಳ್ಳೆ ಕಾರಣಗಳಿವೆ, ಯಾವುದನ್ನೂ ತಳ್ಳಿಹಾಕೋಕೆ ಆಗಲ್ಲ. ಆದ್ರೆ ಯಾರ ಬಾಯಲ್ಲೂ ಅಮೋನಿಯಾ ಅನ್ನೋ ಹೆಸರು ಬರಲಿಲ್ಲ, ಅಂದ್ರೆ ನೈಟ್ರೋಜನ್ ಹೈಡ್ರೋಜನ್ ಸೇರಿ ಆಗೋ, ಯೂರಿಯಾ ಥರದ ಗೊಬ್ಬರಕ್ಕೆ ಬೇಕಾದ ಅನಿಲ. ಈ ಚರ್ಚೆ ಎಲ್ಲಿ ನಡೆದ್ರೂ ಹೀಗೇ ಆಗುತ್ತೆ, ಅದು ನನಗೆ ನಿಜವಾಗ್ಲೂ ಬೇಜಾರು, ಯಾಕಂದ್ರೆ ಈ ಭೂಮಿ ಮೇಲೆ ಇವತ್ತು ಬದುಕಿರೋ ಜನರಲ್ಲಿ ಹೆಚ್ಚುಕಮ್ಮಿ ಅರ್ಧ ಜನರ ಊಟ ಅದರ ಮೇಲೆ ನಿಂತಿದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ನಾವು ಎರಡು ಬೇರೆ ಬೇರೆ ಪ್ರಶ್ನೆಗಳನ್ನ ಒಂದೇ ಅನ್ಕೊಂಡು ಜಗಳ ಆಡ್ತಿದ್ದೀವಿ. ಒಂದು, ಈ ಆವಿಷ್ಕಾರನ ಇವತ್ತು ವಾಪಸ್ ತಗೊಂಡ್ರೆ ಏನಾಗುತ್ತೆ ಅನ್ನೋದು. ಇನ್ನೊಂದು, ಇದನ್ನ ಕಂಡುಹಿಡಿದ ಮನುಷ್ಯ ಹುಟ್ಟೇ ಇರ್ಲಿಲ್ಲ ಅಂದಿದ್ರೆ ಏನಾಗ್ತಿತ್ತು ಅನ್ನೋದು. ಎರಡನೇ ಪ್ರಶ್ನೆ ಕೇಳಿದ ತಕ್ಷಣ ದೊಡ್ಡ ದೊಡ್ಡ ಹೆಸರುಗಳೆಲ್ಲ ಅಲುಗಾಡೋಕೆ ಶುರುವಾಗುತ್ತೆ. ಟೆಲಿಫೋನ್ ತಗೊಳ್ಳಿ, 1876ರ ಫೆಬ್ರವರಿ 14ನೇ ತಾರೀಕು ಅಲೆಕ್ಸಾಂಡರ್ ಗ್ರಹಾಂ ಬೆಲ್ ಕಡೆಯವರೂ ಎಲಿಶಾ ಗ್ರೇ ಕಡೆಯವರೂ ಒಂದೇ ದಿನ ಅಮೆರಿಕಾದ ಪೇಟೆಂಟ್ ಆಫೀಸಿಗೆ ಕಾಗದ ಹಿಡ್ಕೊಂಡು ಹೋಗಿದ್ರು. ಬೆಲ್ ಇಲ್ದಿದ್ರೂ ಟೆಲಿಫೋನ್ ಬರ್ತಿತ್ತು. ಬಲ್ಬ್ ವಿಷಯದಲ್ಲೂ ಅಷ್ಟೇ, ಎಡಿಸನ್ ಅಮೆರಿಕಾದಲ್ಲಿ ಕೆಲಸ ಮಾಡ್ತಿದ್ದ ಹೊತ್ತಲ್ಲೇ ಇಂಗ್ಲೆಂಡಲ್ಲಿ ಜೋಸೆಫ್ ಸ್ವಾನ್ ಬಲ್ಬ್ ಉರಿಸಿ ತೋರಿಸಿದ್ರು. ಎಡಿಸನ್ ಮಾಡಿದ ದೊಡ್ಡ ಕೆಲಸ ಅಂತ ನನಗನ್ಸೋದು ಬಲ್ಬ್‌ಗಿಂತ 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಲ್ಲಿ ಶುರು ಮಾಡಿದ ಪವರ್ ಸ್ಟೇಷನ್ನು, ಅಂದ್ರೆ ಜನರೇಟರ್, ವೈರು, ಮೀಟರ್ ಎಲ್ಲಾ ಸೇರಿಸಿ ಕಟ್ಟಿದ ವ್ಯವಸ್ಥೆ.

ಮುದ್ರಣ ಯಂತ್ರದ ಬಗ್ಗೆ ಸ್ವಲ್ಪ ನಿಂತು ಮಾತಾಡ್ಬೇಕು, ಯಾಕಂದ್ರೆ ಹೆಚ್ಚಿನವರ ಮೊದಲ ಉತ್ತರ ಅದೇ. ಗುಟೆನ್‌ಬರ್ಗ್ ಜರ್ಮನಿಯ ಮೈಂಜ್‌ನಲ್ಲಿ 1455ರ ಹೊತ್ತಿಗೆ ಸುಮಾರು 180 ಪ್ರತಿ ಬೈಬಲ್ ಅಚ್ಚು ಹಾಕಿದ್ರು. ಆದ್ರೆ ಅಚ್ಚುಮೊಳೆ ಜೋಡಿಸಿ ಮುದ್ರಿಸೋದನ್ನ ಚೀನಾದಲ್ಲಿ ಬಿ ಶೆಂಗ್ ಅನ್ನೋರು 1040ರ ದಶಕದಲ್ಲೇ ಸುಟ್ಟ ಜೇಡಿಮಣ್ಣಿನ ಮೊಳೆ ಇಟ್ಕೊಂಡು ಮಾಡಿದ್ರು, ಕೊರಿಯಾದಲ್ಲಿ ಲೋಹದ ಮೊಳೆಯಿಂದ 1377ರಲ್ಲಿ ಅಚ್ಚಾದ ಪುಸ್ತಕ ಈಗಲೂ ಇದೆ. ಹಾಗಂತ ಗುಟೆನ್‌ಬರ್ಗ್ ಸಣ್ಣವರಾಗಲ್ಲ. ಒಂದೇ ಅಳತೆಯ ಮೊಳೆಗಳನ್ನ ಬೇಗ ಬೇಗ ಎರಕ ಹೊಯ್ಯೋ ಕೈ ಅಚ್ಚು, ಸೀಸ ತವರ ಆಂಟಿಮನಿ ಬೆರೆಸಿದ ಲೋಹ, ಲೋಹಕ್ಕೆ ಅಂಟೋ ಎಣ್ಣೆ ಇಂಕು, ಒತ್ತೋ ಪ್ರೆಸ್ಸು, ಇದೆಲ್ಲ ಒಟ್ಟಿಗೆ ಕೆಲಸ ಮಾಡೋ ಹಾಗೆ ಮಾಡಿದ್ದು ಅವರ ವರ್ಕ್‌ಶಾಪು. ಅದು ಇಲ್ದೆ 1517ರ ಮೇಲೆ ಚರ್ಚನ್ನ ಪ್ರಶ್ನೆ ಮಾಡಿ ಲೂಥರ್ ಬರೆದಿದ್ದು ಯೂರೋಪ್ ತುಂಬಾ ಅಷ್ಟು ಬೇಗ ಹರಡ್ತಾನೇ ಇರ್ಲಿಲ್ಲ, ವಿಜ್ಞಾನಿಗಳು ಒಬ್ಬರ ಲೆಕ್ಕನ ಇನ್ನೊಬ್ಬರು ತಿದ್ದೋದು ಇಷ್ಟು ಸಲೀಸಾಗ್ತಿರ್ಲಿಲ್ಲ. ಮನುಷ್ಯನ ಯೋಚನೆ ಮೇಲೆ ಆದ ಪರಿಣಾಮದಲ್ಲಿ ಮುದ್ರಣಕ್ಕೆ ಸಾಟಿ ಇಲ್ಲ ಅಂತ ನಾನೂ ಒಪ್ಪುತ್ತೀನಿ. ಆದ್ರೆ ಇವತ್ತು ಎಲ್ಲಾ ಮುದ್ರಣ ಯಂತ್ರ ನಿಂತುಹೋದ್ರೆ ಓದೋಕೆ ಬೇರೆ ದಾರಿಗಳಿವೆ, ಕಷ್ಟ ಆಗುತ್ತೆ ಆದ್ರೆ ಬದುಕು ನಡೆಯುತ್ತೆ.

ಸ್ಟೀಮ್ ಎಂಜಿನ್ ಬಗ್ಗೆ ಒಂದೇ ವಿಷಯ ಹೇಳ್ತೀನಿ, ಮುಂದೆ ಬೇಕಾಗುತ್ತೆ. ಗಣಿಯಿಂದ ನೀರೆತ್ತೋ ಎಂಜಿನ್ನನ್ನ ನ್ಯೂಕಾಮನ್ 1712ರಲ್ಲೇ ಓಡಿಸಿದ್ರು. ಜೇಮ್ಸ್ ವಾಟ್ ಅದಕ್ಕೆ ಉಗಿನ ತಣ್ಣಗೆ ಮಾಡಿ ನೀರಾಗಿಸೋ ಪ್ರತ್ಯೇಕ ಕಂಡೆನ್ಸರ್ ಸೇರಿಸಿ 1769ರಲ್ಲಿ ಪೇಟೆಂಟ್ ಪಡೆದ್ರು, ಕಲ್ಲಿದ್ದಲು ಖರ್ಚು ಬಹಳ ಇಳಿಯೋ ಐಡಿಯಾ ಅದು. ಆದ್ರೆ ಐಡಿಯಾ ಕೈಗೆ ಬಂದು ವರ್ಷಗಟ್ಟಲೆ ಆದ್ರೂ ಎಂಜಿನ್ ಸರಿಯಾಗಿ ಆಗ್ಲೇ ಇಲ್ಲ, ಯಾಕಂದ್ರೆ ಒಳಗಿನ ಪಿಸ್ಟನ್‌ಗೆ ಬಿಗಿಯಾಗಿ ಕೂರೋ ಅಷ್ಟು ನಯವಾಗಿ ಸಿಲಿಂಡರ್ ಕೊರೆಯೋಕೆ ಯಾರಿಗೂ ಬರ್ತಿರ್ಲಿಲ್ಲ, ಉಗಿ ಸಂದಿಯಿಂದ ಸೋರಿ ಹೋಗ್ತಿತ್ತು. ತೋಪು ಕೊರೆಯೋ ವಿದ್ಯೆ ಗೊತ್ತಿದ್ದ ಜಾನ್ ವಿಲ್ಕಿನ್ಸನ್ ಅನ್ನೋ ಕಬ್ಬಿಣದ ಕಾರ್ಖಾನೆಯವರು 1770ರ ದಶಕದ ಮಧ್ಯದಲ್ಲಿ ಆ ಸಿಲಿಂಡರ್ ಕೊರೆದು ಕೊಟ್ಟ ಮೇಲೇ ವಾಟ್ ಎಂಜಿನ್ ಮಾರಾಟಕ್ಕೆ ಬಂದಿದ್ದು. ವಾಟ್ ಹೆಸರು ಬಲ್ಬಿನ ಡಬ್ಬಿ ಮೇಲೂ ಇದೆ, ವಿಲ್ಕಿನ್ಸನ್ ಹೆಸರು ಎಷ್ಟು ಜನಕ್ಕೆ ಗೊತ್ತು?

ಈಗ ಅಮೋನಿಯಾಗೆ ಬರೋಣ. ನಾವು ಉಸಿರಾಡೋ ಗಾಳಿಯಲ್ಲಿ ನೂರಕ್ಕೆ 78 ಭಾಗ ನೈಟ್ರೋಜನ್, ನಮ್ಮ ಪುಸ್ತಕಗಳಲ್ಲಿ ಸಾರಜನಕ ಅಂತ ಓದಿರ್ತೀರಿ. ಪ್ರೋಟೀನ್ ಕಟ್ಟೋಕೆ ಅದು ಬೇಕು, ಡಿಎನ್‌ಎಗೂ ಬೇಕು, ಅದಿಲ್ದೆ ಎಲೆ ಹಸಿರಾಗಲ್ಲ. ಸುತ್ತ ಇಷ್ಟೊಂದು ಇದ್ರೂ ಗಿಡಕ್ಕಾಗ್ಲಿ ನಮಗಾಗ್ಲಿ ಅದನ್ನ ನೇರವಾಗಿ ತಗೊಳ್ಳೋಕೆ ಆಗಲ್ಲ, ಯಾಕಂದ್ರೆ ಗಾಳಿಯಲ್ಲಿರೋ ನೈಟ್ರೋಜನ್ ಪರಮಾಣುಗಳು ಎರಡೆರಡಾಗಿ ಮೂರೆಳೆ ಹುರಿ ಹಗ್ಗದಲ್ಲಿ ಬಿಗಿದ ಹಾಗೆ ಜೋಡಿಯಾಗಿರ್ತವೆ, ಆ ಕಟ್ಟು ಬಿಚ್ಚೋದು ಬಹಳ ಕಷ್ಟ. ಮಿಂಚು ಹೊಡೆದಾಗ ಒಂಚೂರು ಬಿಚ್ಚುತ್ತೆ. ಮಣ್ಣಲ್ಲಿರೋ ಕೆಲವು ಬ್ಯಾಕ್ಟೀರಿಯಾಗಳಿಗೆ, ಅದರಲ್ಲೂ ದ್ವಿದಳ ಧಾನ್ಯದ ಬೇರುಗಂಟಲ್ಲಿ ವಾಸ ಮಾಡೋ ಬ್ಯಾಕ್ಟೀರಿಯಾಗಳಿಗೆ ಬಿಚ್ಚೋಕೆ ಬರುತ್ತೆ. ಇಷ್ಟು ಬಿಟ್ರೆ ಬೇರೆ ದಾರಿನೇ ಇರ್ಲಿಲ್ಲ. ಸಾವಿರಾರು ವರ್ಷದ ಬೇಸಾಯ ಅಂದ್ರೆ ಒಂದು ಅರ್ಥದಲ್ಲಿ ಈ ನೈಟ್ರೋಜನ್ ಜಿಪುಣತನದ ಜೊತೆ ಹೆಣಗಿದ್ದೇ, ಸಗಣಿ ಗೊಬ್ಬರ ಹಾಕೋದು, ಒಂದು ವರ್ಷ ಕಾಳು ಒಂದು ವರ್ಷ ಧಾನ್ಯ ಅಂತ ಬೆಳೆ ಬದಲಾಯಿಸೋದು, ಹೊಲ ಬೀಳು ಬಿಡೋದು ಎಲ್ಲಾ ಅದಕ್ಕೇ.

ಹತ್ತೊಂಬತ್ತನೇ ಶತಮಾನದಲ್ಲಿ ಇದು ಯಾವ ಮಟ್ಟಕ್ಕೆ ಹೋಯ್ತು ಅಂದ್ರೆ ದೇಶಗಳು ಹಕ್ಕಿ ಹಿಕ್ಕೆಗೆ ಕಿತ್ತಾಡಿದವು. ಪೆರುವಿನ ಚಿಂಚಾ ದ್ವೀಪಗಳಲ್ಲಿ ಮಳೆ ಇಲ್ಲದ ಕಾರಣ ಕಡಲಹಕ್ಕಿಗಳ ಹಿಕ್ಕೆ ಕೊಚ್ಚಿ ಹೋಗದೆ ಗುಡ್ಡದ ಹಾಗೆ ಬೆಳೆದಿತ್ತು, ಗ್ವಾನೋ ಅಂತಾರೆ ಅದಕ್ಕೆ, ಅದನ್ನ ಅಗೆದು ಹಡಗಲ್ಲಿ ಯೂರೋಪಿಗೆ ಸಾಗಿಸ್ತಿದ್ರು. ಅಗೆಯೋ ಕೂಲಿಗಳ ಪಾಡು, ಅದರಲ್ಲೂ ಚೀನಾದಿಂದ ಕರ್ಕೊಂಡು ಬಂದವರ ಪಾಡು, ಗುಲಾಮಗಿರಿಗಿಂತ ಬೇರೆ ಇರ್ಲಿಲ್ಲ. ಯಾರಿಗೂ ಸೇರದ ದ್ವೀಪದಲ್ಲಿ ಗ್ವಾನೋ ಸಿಕ್ರೆ ತನ್ನ ಪ್ರಜೆಗಳು ಅದನ್ನ ದೇಶದ ಹೆಸರಲ್ಲಿ ಹಿಡ್ಕೋಬಹುದು ಅಂತ ಅಮೆರಿಕಾ 1856ರಲ್ಲಿ ಕಾನೂನೇ ಮಾಡ್ತು. ಗ್ವಾನೋ ಮುಗೀತಾ ಬಂದಾಗ ಎಲ್ಲರ ಕಣ್ಣು ಅಟಕಾಮಾ ಮರುಭೂಮಿಯ ನೈಟ್ರೇಟ್ ಅನ್ನೋ ನೈಟ್ರೋಜನ್ ತುಂಬಿದ ಲವಣದ ಮೇಲೆ ಬಿತ್ತು, ಅದಕ್ಕಾಗಿ ಚಿಲಿ ಒಂದು ಕಡೆ, ಪೆರು ಬೊಲಿವಿಯಾ ಇನ್ನೊಂದು ಕಡೆ ನಿಂತು 1879ರಿಂದ ಯುದ್ಧ ಮಾಡಿದ್ರು, ಬೊಲಿವಿಯಾ ತನ್ನ ಇಡೀ ಸಮುದ್ರ ತೀರ ಕಳ್ಕೊಂಡು ಇವತ್ತಿಗೂ ತೀರ ಇಲ್ಲದ ದೇಶವಾಗೇ ಉಳಿದಿದೆ. 1898ರಲ್ಲಿ ಬ್ರಿಟಿಷ್ ಕೆಮಿಸ್ಟ್ ವಿಲಿಯಂ ಕ್ರೂಕ್ಸ್ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಭಾಷಣ ಮಾಡಿ ಗೋಧಿ ತಿನ್ನೋ ದೇಶಗಳು ಮುಂದೆ ಹಸಿವಿಗೆ ಸಿಕ್ಕಿ ಹಾಕ್ಕೊಳ್ತವೆ, ಚಿಲಿಯ ನೈಟ್ರೇಟ್ ಎಷ್ಟು ದಿನ ಬರುತ್ತೆ, ಗಾಳಿಯ ನೈಟ್ರೋಜನ್ ಹಿಡಿಯೋ ದಾರಿನ ಕೆಮಿಸ್ಟ್‌ಗಳೇ ಹುಡುಕಬೇಕು ಅಂತ ಎಚ್ಚರಿಸಿದ್ರು. ಜನಸಂಖ್ಯೆ ಆಗ ಸುಮಾರು 160 ಕೋಟಿ ಅಷ್ಟೇ, ನೆನಪಿರ್ಲಿ.

ಪ್ರಯತ್ನ ಮಾಡಿದವರು ಬಹಳ ಜನ. ಫ್ರಾನ್ಸಿನ ಲೆ ಶಾಟೆಲಿಯೇ 1901ರಲ್ಲಿ ನೈಟ್ರೋಜನ್ ಹೈಡ್ರೋಜನ್ ಎರಡನ್ನೂ ಒತ್ತಡದಲ್ಲಿ ಸೇರಿಸೋಕೆ ಹೋಗಿ ಉಪಕರಣ ಸ್ಫೋಟವಾಗಿ ಕೈಬಿಟ್ರು. ನಾರ್ವೆಯಲ್ಲಿ ಜಲವಿದ್ಯುತ್ ಅಗ್ಗವಾಗಿ ಸಿಗ್ತಿತ್ತು ಅಂತ ವಿದ್ಯುತ್ ಕಿಡಿಯಿಂದ, ಅಂದ್ರೆ ಒಂಥರಾ ಕೃತಕ ಮಿಂಚಿನಿಂದ ಮಾಡೋ ಫ್ಯಾಕ್ಟರಿನೂ ಬಂತು, ಆದ್ರೆ ಅದು ಕರೆಂಟನ್ನ ವಿಪರೀತ ನುಂಗ್ತಿತ್ತು. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಫ್ರಿಟ್ಜ್ ಹೇಬರ್ ಅನ್ನೋ ಕೆಮಿಸ್ಟ್ ಈ ಲೆಕ್ಕಕ್ಕೆ ಕೈಹಾಕಿದಾಗ ಇನ್ನೊಬ್ಬ ಜರ್ಮನ್ ಕೆಮಿಸ್ಟ್ ವಾಲ್ಟರ್ ನೆರ್ನ್‌ಸ್ಟ್ 1907ರಲ್ಲಿ ಎಲ್ಲರೆದುರೇ ನಿಮ್ಮ ಅಂಕಿಅಂಶ ತಪ್ಪು ಅಂದುಬಿಟ್ರು. ಹೇಬರ್‌ಗೆ ಅದು ಬಹಳ ನಾಟ್ತು, ಬಿಡದೆ ಮತ್ತೆ ಕೂತ್ರು.

ತೊಡಕು ಎಲ್ಲಿತ್ತು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಇದು ಗೊತ್ತಾದ್ರೇನೇ ಆ ಕೆಲಸದ ಬೆಲೆ ಗೊತ್ತಾಗೋದು. ನೈಟ್ರೋಜನ್ ಕಟ್ಟು ಬಿಚ್ಚಬೇಕಾದ್ರೆ ಶಾಖ ಬೇಕು, ಆದ್ರೆ ಶಾಖ ಜಾಸ್ತಿ ಆದಷ್ಟೂ ಹುಟ್ಟಿದ ಅಮೋನಿಯಾ ಮತ್ತೆ ಒಡೆದು ವಾಪಸ್ ಹೋಗುತ್ತೆ. ಶಾಖ ಕಡಿಮೆ ಮಾಡಿದ್ರೆ ಅಮೋನಿಯಾ ಉಳಿಯುತ್ತೆ ಆದ್ರೆ ಹುಟ್ಟೋದೇ ಇಲ್ಲ ಅನ್ನೋಷ್ಟು ನಿಧಾನ. ಹಾಗಾಗಿ ಮೂರು ಉಪಾಯ ಒಟ್ಟಿಗೆ ಹೂಡಬೇಕಾಯ್ತು, ವಾತಾವರಣದ ಸುಮಾರು ಇನ್ನೂರು ಪಟ್ಟು ಒತ್ತಡ, ಕಡಿಮೆ ಶಾಖದಲ್ಲೂ ಕ್ರಿಯೆ ನಡೆಸೋ ಕ್ಯಾಟಲಿಸ್ಟ್, ಆಮೇಲೆ ಹುಟ್ಟಿದ ಸ್ವಲ್ಪ ಅಮೋನಿಯಾನ ತಣ್ಣಗೆ ಮಾಡಿ ದ್ರವವಾಗಿ ಬೇರೆ ತೆಗೆದು ಉಳಿದ ನೈಟ್ರೋಜನ್ ಹೈಡ್ರೋಜನ್‌ನ ಮತ್ತೆ ಮತ್ತೆ ಸುತ್ತಿಸೋದು. ಅಷ್ಟು ಒತ್ತಡ ತಡೆಯೋ ವಾಲ್ವು, ಸೀಲು, ಪಂಪು ಎಲ್ಲಾ ಕೈಯಾರೆ ತಯಾರು ಮಾಡಿದ್ದು ರಾಬರ್ಟ್ ಲೆ ರೊಸಿನ್ಯೋಲ್ ಅನ್ನೋ ಯುವ ಸಹಾಯಕರು, ಜರ್ಸಿ ದ್ವೀಪದವರು. 1909ರ ಜುಲೈನಲ್ಲಿ ಬಿಎಎಸ್‌ಎಫ್ ಅನ್ನೋ ಜರ್ಮನ್ ಕೆಮಿಕಲ್ ಕಂಪನಿಯವರ ಎದುರು ಆ ಟೇಬಲ್ ಮೇಲಿನ ಯಂತ್ರದಿಂದ ಅಮೋನಿಯಾ ತೊಟ್ಟು ತೊಟ್ಟಾಗಿ ಇಳೀತು.

ಇಲ್ಲಿಗೆ ಕಥೆ ಮುಗೀತು ಅನ್ಕೊಳ್ಳೋರೇ ಹೆಚ್ಚು. ನನ್ನ ಪ್ರಕಾರ ಇಲ್ಲಿಂದ ಶುರು. ಹೇಬರ್ ಬಳಸಿದ ಕ್ಯಾಟಲಿಸ್ಟ್ ಆಸ್ಮಿಯಂ, ಜಗತ್ತಲ್ಲೇ ತೀರಾ ಅಪರೂಪದ ಲೋಹ, ಅದನ್ನ ನಂಬ್ಕೊಂಡು ಫ್ಯಾಕ್ಟರಿ ಕಟ್ಟೋಕಾಗಲ್ಲ. ಬಿಎಎಸ್‌ಎಫ್‌ನ ಆಲ್ವಿನ್ ಮಿಟಾಷ್ ಮತ್ತವರ ತಂಡ ಸಾವಿರಾರು ಪ್ರಯೋಗ ಮಾಡ್ತಾ ಹೋದ್ರು, ಕೊನೆಗೆ ಸ್ವೀಡನ್ನಿನ ಒಂದು ಕಬ್ಬಿಣದ ಅದಿರು ಚೆನ್ನಾಗಿ ಕೆಲಸ ಮಾಡ್ತು, ಅದರಲ್ಲಿದ್ದ ಕಲಬೆರಕೆಯೇ ಗುಟ್ಟು ಅಂತ ಗೊತ್ತಾಗಿ ಕಬ್ಬಿಣಕ್ಕೆ ಅಲ್ಯೂಮಿನಾ, ಪೊಟ್ಯಾಶ್ ಥರದ್ದನ್ನ ಸ್ವಲ್ಪ ಸ್ವಲ್ಪ ಬೆರೆಸಿ ಅಗ್ಗದ ಕ್ಯಾಟಲಿಸ್ಟ್ ಮಾಡಿದ್ರು, ಇವತ್ತಿನ ಫ್ಯಾಕ್ಟರಿಗಳಲ್ಲೂ ಬಹುಪಾಲು ಅದೇ ಜಾತಿಯದ್ದೇ ಇರೋದು. ಇನ್ನೊಂದು ಕಡೆ ಅದೇ ಕಂಪನಿಯ ಕಾರ್ಲ್ ಬಾಶ್, ಇದನ್ನ ಫ್ಯಾಕ್ಟರಿ ಮಟ್ಟಕ್ಕೆ ತರೋ ಹೊಣೆ ಹೊತ್ತವರು, ಅವರು ಕಟ್ಟಿಸಿದ ದೊಡ್ಡ ಸ್ಟೀಲ್ ಕೊಳವೆಗಳು ಕೆಲವೇ ದಿನ ಓಡಿ ಸಿಡಿದು ಹೋಗ್ತಿದ್ದವು. ಒಡೆದ ಚೂರುಗಳನ್ನ ಪರೀಕ್ಷೆ ಮಾಡಿ ನೋಡಿದ್ರೆ ಬಿಸಿ ಹೈಡ್ರೋಜನ್ ಸ್ಟೀಲಿನೊಳಗೆ ನುಗ್ಗಿ ಅದರಲ್ಲಿರೋ ಇಂಗಾಲನ ಎಳ್ಕೊಂಡು ಬಿಡ್ತಿತ್ತು, ಸ್ಟೀಲು ಪೆಡಸಾಗಿ ಬಿರುಕು ಬಿಡ್ತಿತ್ತು. ಬಾಶ್ ಕಂಡುಕೊಂಡ ದಾರಿ ನೋಡಿ ಎಷ್ಟು ಚೆಂದ ಇದೆ: ಒಳಗಡೆ ಇಂಗಾಲ ಇಲ್ಲದ ಮೆದು ಕಬ್ಬಿಣದ ಪದರ, ಹೊರಗಡೆ ಗಟ್ಟಿ ಸ್ಟೀಲು, ಆ ಹೊರಗಿನ ಸ್ಟೀಲಿಗೆ ಸಣ್ಣ ಸಣ್ಣ ತೂತು. ಮೆದು ಪದರ ದಾಟಿ ಬಂದ ಹೈಡ್ರೋಜನ್ ಸ್ಟೀಲನ್ನ ತಿನ್ನೋಕೆ ಅವಕಾಶ ಸಿಗೋ ಮುಂಚೆನೇ ತೂತಿಂದ ಹೊರಗೆ ಹೋಗುತ್ತೆ. 1913ರಲ್ಲಿ ಲುಡ್ವಿಗ್ಸ್‌ಹಾಫೆನ್ ಪಕ್ಕದ ಓಪಾವ್‌ನಲ್ಲಿ ಮೊದಲ ಫ್ಯಾಕ್ಟರಿ ಶುರುವಾಯ್ತು. ವಾಟ್ ಪಕ್ಕದಲ್ಲಿ ವಿಲ್ಕಿನ್ಸನ್ ಇದ್ದ ಹಾಗೆ ಹೇಬರ್ ಪಕ್ಕದಲ್ಲಿ ಇವರೆಲ್ಲ.

ಈಗ ಲೆಕ್ಕ ನೋಡಿ. ಜಗತ್ತಲ್ಲಿ ಈಗ ವರ್ಷಕ್ಕೆ 18 ಕೋಟಿ ಟನ್ ಆಸುಪಾಸು ಅಮೋನಿಯಾ ತಯಾರಾಗುತ್ತೆ, ಅದರಲ್ಲಿ ನೂರಕ್ಕೆ 70 ಭಾಗದಷ್ಟು ಯೂರಿಯಾ ಮತ್ತಿತರ ಗೊಬ್ಬರಕ್ಕೇ ಹೋಗೋದು. ಜನಸಂಖ್ಯೆ 2022ರಲ್ಲಿ 800 ಕೋಟಿ ಮುಟ್ಟಿತು. ಅದರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರ ಆಹಾರ ಈ ಗೊಬ್ಬರ ಇಲ್ದೆ ಬೆಳೀತಿರ್ಲಿಲ್ಲ ಅನ್ನೋದು ಈ ವಿಷಯ ಅಧ್ಯಯನ ಮಾಡಿದವರ ಅಂದಾಜು. ನಿಮ್ಮ ಮೈಯಲ್ಲಿರೋ ನೈಟ್ರೋಜನ್‌ನಲ್ಲೂ ದೊಡ್ಡ ಪಾಲು ಒಂದು ಕಾಲಕ್ಕೆ ಯಾವುದೋ ಫ್ಯಾಕ್ಟರಿಯ ಸ್ಟೀಲ್ ಕೊಳವೆಯೊಳಗಿಂದ ಹಾದು ಬಂದಿದ್ದು. ಬೇರೆ ಯಾವ ಆವಿಷ್ಕಾರದ ಬಗ್ಗೆ ಹೀಗೆ, ಅದು ನಮ್ಮ ಮಾಂಸದಲ್ಲೇ ಇದೆ ಅಂತ ಹೇಳೋಕಾಗುತ್ತೆ?

ಇದನ್ನ ನಾನು ಹೊಗಳಿಕೆಯಾಗಿ ಮಾತ್ರ ಹೇಳ್ತಿಲ್ಲ. ಅತಿ ಹೆಚ್ಚು ಬದಲಾಯಿಸಿದ್ದು ಅಂದ್ರೆ ಒಳ್ಳೇದೂ ಕೆಟ್ಟದ್ದೂ ಎರಡೂ ತೂಗಬೇಕು. ಗೊಬ್ಬರ ಕೊಡೋ ಅಮೋನಿಯಾನೇ ನೈಟ್ರಿಕ್ ಆಸಿಡ್ ಆಗಿ ಸಿಡಿಮದ್ದೂ ಆಗುತ್ತೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆ ಚಿಲಿ ನೈಟ್ರೇಟ್ ತಡೆದಾಗ ಜರ್ಮನಿ ಅಷ್ಟು ವರ್ಷ ಯುದ್ಧ ಮುಂದುವರಿಸೋಕೆ ಆಗಿದ್ದರಲ್ಲಿ ಓಪಾವ್ ಫ್ಯಾಕ್ಟರಿಯ ಪಾತ್ರ ದೊಡ್ಡದು. ಹೇಬರ್ ಅವರೇ ವಿಷಾನಿಲದ ಕೆಲಸಕ್ಕೆ ಇಳಿದ್ರು, 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಕ್ಲೋರಿನ್ ಬಿಡಿಸಿದ್ದು ಅವರ ಉಸ್ತುವಾರಿಯಲ್ಲಿ. ಅದಾಗಿ ಹತ್ತೇ ದಿನಕ್ಕೆ ಅವರ ಹೆಂಡತಿ ಕ್ಲಾರಾ ಇಮ್ಮರ್‌ವಾರ್, ಆಕೆಯೂ ಡಾಕ್ಟರೇಟ್ ಪಡೆದ ಕೆಮಿಸ್ಟು, ಆತ್ಮಹತ್ಯೆ ಮಾಡ್ಕೊಂಡ್ರು. ಹೇಬರ್‌ಗೆ 1918ರ ನೊಬೆಲ್ ಬಂತು. ಯಹೂದಿ ಮೂಲದವರಾದ್ರಿಂದ 1933ರಲ್ಲಿ ಅದೇ ಜರ್ಮನಿ ಬಿಟ್ಟು ಹೋಗಬೇಕಾಯ್ತು, ಮರುವರ್ಷ ಬಾಸೆಲ್‌ನಲ್ಲಿ ತೀರ್ಕೊಂಡ್ರು. 1921ರಲ್ಲಿ ಓಪಾವ್‌ನಲ್ಲೇ ಗೊಬ್ಬರದ ರಾಶಿ ಸ್ಫೋಟವಾಗಿ 500ಕ್ಕೂ ಹೆಚ್ಚು ಜನ ಸತ್ರು.

ಆ ಹಳೇ ಲೆಕ್ಕಕ್ಕಿಂತ ಈಗಿನದ್ದು ಇನ್ನೂ ದೊಡ್ಡದು. ಹೊಲಕ್ಕೆ ಹಾಕಿದ ನೈಟ್ರೋಜನ್‌ನಲ್ಲಿ ಬೆಳೆ ತಗೊಳ್ಳೋದು ಒಟ್ಟಾರೆ ನೋಡಿದ್ರೆ ಅರ್ಧದ ಆಸುಪಾಸು, ಉಳಿದಿದ್ದು ನೀರಿಗೆ ಗಾಳಿಗೆ ಹೋಗುತ್ತೆ. ಮಿಸಿಸಿಪಿ ನದಿ ಸಮುದ್ರ ಸೇರೋ ಕಡೆ ಪ್ರತಿ ಬೇಸಿಗೆಯಲ್ಲೂ ಪಾಚಿ ಬೆಳೆದು ಕೊಳೆತು ಆಕ್ಸಿಜನ್ ಇಲ್ಲದ ಜಾಗ ಹುಟ್ಟುತ್ತೆ, ಬಾಲ್ಟಿಕ್ ಸಮುದ್ರದಲ್ಲೂ ಅದೇ ಕಥೆ. ಮಣ್ಣಿಂದ ಏಳೋ ನೈಟ್ರಸ್ ಆಕ್ಸೈಡ್ ಅನ್ನೋ ಅನಿಲ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ 250 ಪಟ್ಟಿಗೂ ಹೆಚ್ಚು ಭೂಮಿನ ಬಿಸಿ ಮಾಡುತ್ತೆ. ಅಮೋನಿಯಾ ಮಾಡೋಕೆ ಬೇಕಾದ ಹೈಡ್ರೋಜನ್ ಬರೋದು ಬಹುತೇಕ ನೈಸರ್ಗಿಕ ಅನಿಲ, ಕಲ್ಲಿದ್ದಲಿನಿಂದ, ಇಡೀ ಜಗತ್ತು ಬಳಸೋ ಶಕ್ತಿಯಲ್ಲಿ ನೂರಕ್ಕೆ 2 ಭಾಗದಷ್ಟು ಇದೊಂದಕ್ಕೇ ಹೋಗುತ್ತೆ. ನದಿ, ಸಮುದ್ರ, ಹವಾಮಾನ, ಜನಸಂಖ್ಯೆ, ಯುದ್ಧ ಎಲ್ಲದರ ಮೇಲೂ ಬೆರಳಚ್ಚು ಬಿಟ್ಟ ಇನ್ನೊಂದು ಆವಿಷ್ಕಾರ ನನಗಂತೂ ಕಾಣಲ್ಲ.

ಇಷ್ಟು ಮಾತಾಡಿ ಮುಗಿಸಿದ ಮೇಲೆ ಪ್ರಶ್ನೆಗಳು ಬಂದವು.

ಒಬ್ಬರು ಲಸಿಕೆ ಬಗ್ಗೆ ಕೇಳಿದ್ರು, ಸಿಡುಬು ಒಂದೇ ಇಪ್ಪತ್ತನೇ ಶತಮಾನದಲ್ಲಿ ಸುಮಾರು 30 ಕೋಟಿ ಜನರನ್ನ ಕೊಂದಿತ್ತಲ್ಲ, ಅದನ್ನ ನಿರ್ಮೂಲ ಮಾಡಿದ್ದು ದೊಡ್ಡದಲ್ವಾ ಅಂತ. ಇದು ನನ್ನ ವಾದಕ್ಕೆ ಅತಿ ಗಟ್ಟಿ ಎದುರಾಳಿ. ಜೆನ್ನರ್ 1796ರಲ್ಲಿ ಗೋಸಿಡುಬಿನ ಲಸಿಕೆ ಹಾಕಿದ್ರು, ಅದಕ್ಕೂ ಮುಂಚೆನೇ ಏಷ್ಯಾದ ಹಲವು ಕಡೆ ಸಿಡುಬಿನ ಕೀವನ್ನೇ ಸ್ವಲ್ಪ ಚುಚ್ಚಿ ತಡೆಯೋ ಪದ್ಧತಿ ಇತ್ತು, 1980ರಲ್ಲಿ ಸಿಡುಬು ಜಗತ್ತಿನಿಂದಲೇ ಹೋಯ್ತು ಅಂತ ಘೋಷಣೆ ಆಯ್ತು. ಮನುಷ್ಯರು ಮಾಡಿದ ಅತ್ಯಂತ ಒಳ್ಳೇ ಕೆಲಸ ಯಾವುದು ಅಂತ ಕೇಳಿದ್ರೆ ನಾನು ಎರಡನೇ ಯೋಚನೆ ಇಲ್ದೆ ಅದನ್ನೇ ಹೇಳ್ತೀನಿ. ಆದ್ರೆ ಸಿಡುಬಿನ ಲಸಿಕೆ ತನ್ನ ಕೆಲಸ ಮುಗಿಸಿಬಿಡ್ತು, ಈಗ ಮಕ್ಕಳಿಗೆ ಹಾಕೋದೇ ಬೇಕಿಲ್ಲ. ಬೇರೆ ಲಸಿಕೆಗಳನ್ನ ನಿಲ್ಲಿಸಿದ್ರೆ ದಡಾರ ಮುಂತಾದವು ಕೆಲವೇ ವರ್ಷದಲ್ಲಿ ಭೀಕರವಾಗಿ ವಾಪಸ್ ಬರ್ತವೆ, ನಿಜ. ಅಮೋನಿಯಾ ಮಾತ್ರ ಪ್ರತಿ ವರ್ಷ, ಪ್ರತಿ ಬೆಳೆಗೂ ಹೊಸದಾಗಿ ಬೇಕು, ಒಂದೆರಡು ಬೆಳೆ ತಪ್ಪಿದ್ರೆ ಸಾಕು. ಇನ್ನೊಂದು, ಲಸಿಕೆಯಿಂದ, ಶುದ್ಧ ನೀರಿಂದ ಉಳಿದ ಮಕ್ಕಳು ಬೆಳೆದು ದೊಡ್ಡವರಾಗೋಕೆ ಅನ್ನ ಬೇಕಿತ್ತು. ಈ ಎರಡೂ ಒಟ್ಟಿಗೆ ಬಂದಿದ್ದಕ್ಕೇ ಇಪ್ಪತ್ತನೇ ಶತಮಾನ ಹಾಗಾಯ್ತು.

ಇನ್ನೊಬ್ಬರು ಅರ್ಧ ಜನ ಅನ್ನೋ ಲೆಕ್ಕ ಉತ್ಪ್ರೇಕ್ಷೆ ಅಲ್ವಾ, ಧಾನ್ಯದಲ್ಲಿ ಎಷ್ಟೋ ಪಾಲು ಮಾಂಸಕ್ಕಾಗಿ ಸಾಕೋ ಪ್ರಾಣಿಗಳಿಗೆ ಹೋಗುತ್ತಲ್ಲ ಅಂದ್ರು. ಸರಿಯಾದ ಮಾತು. ಈ ಅಂದಾಜು ಈಗಿನ ಊಟದ ಕ್ರಮ ಇಟ್ಕೊಂಡು ಮಾಡಿದ್ದು. ಮಾಂಸ ಕಡಿಮೆ ಮಾಡಿ, ಪೋಲು ತಡೆದು, ಗೊಬ್ಬರನ ಬೇಕಾದ ಹೊತ್ತಿಗೆ ಬೇಕಾದಷ್ಟೇ ಹಾಕಿ, ಕಾಳು ಬೆಳೆ ಜಾಸ್ತಿ ಮಾಡಿದ್ರೆ ಆ ಪಾಲು ಇಳಿಯುತ್ತೆ, ಇಳಿಸಲೇಬೇಕು. ಆದ್ರೂ ಪೂರ್ತಿ ಸೊನ್ನೆ ಮಾಡಿದ್ರೆ ಹಸಿದು ಉಳಿಯೋರ ಲೆಕ್ಕ ನೂರಾರು ಕೋಟಿಯಲ್ಲೇ ಇರುತ್ತೆ. ಬೇರುಗಂಟಿನ ಬ್ಯಾಕ್ಟೀರಿಯಾ ಈ ಕೆಲಸನ ಮಣ್ಣಿನ ಸಾಮಾನ್ಯ ಶಾಖದಲ್ಲಿ, ಸಾಮಾನ್ಯ ಒತ್ತಡದಲ್ಲಿ ಮಾಡುತ್ತೆ, ಗೋಧಿ ಭತ್ತ ಜೋಳಕ್ಕೂ ಆ ಗುಣ ತರಿಸೋಕೆ ವಿಜ್ಞಾನಿಗಳು ದಶಕಗಳಿಂದ ಪ್ರಯತ್ನಿಸ್ತಿದ್ದಾರೆ. ಅದು ಆದ ದಿನ ಈ ಚರ್ಚೆನ ಮತ್ತೆ ಹೊಸದಾಗಿ ಮಾಡಬೇಕಾಗುತ್ತೆ.

ಕೊನೆಯಲ್ಲಿ ಒಬ್ಬ ಹುಡುಗಿ, ಸರ್ ನೀವು ಆವಿಷ್ಕಾರ ಹೇಳಿದ್ರಿ, ಒಬ್ಬರ ಹೆಸರು ಮಾತ್ರ ಬರೀಬೇಕು ಅಂದ್ರೆ ಯಾರ ಹೆಸರು ಬರೀತೀರಿ ಅಂತ ಕೇಳಿದ್ರು. ಬಾಶ್ ಅಂದೆ. ಹೇಬರ್ ಮಾಡಿದ ಕೆಮಿಸ್ಟ್ರಿಯ ಹತ್ತಿರಕ್ಕೆ ನೆರ್ನ್‌ಸ್ಟ್ ಬಂದಿದ್ರು, ಲೆ ಶಾಟೆಲಿಯೇ ಬಂದಿದ್ರು, ಕೆಲವು ವರ್ಷ ತಡವಾಗಿ ಆದ್ರೂ ಯಾರೋ ಮಾಡ್ತಿದ್ರು. ಟೇಬಲ್ ಮೇಲಿನ ತೊಟ್ಟುಗಳನ್ನ ನಾಲ್ಕೇ ವರ್ಷದಲ್ಲಿ ದಿನಕ್ಕೆ ಟನ್‌ಗಟ್ಟಲೆ ಮಾಡೋ ಫ್ಯಾಕ್ಟರಿ ಆಗಿಸೋದು, ಅದೂ ಅಷ್ಟು ಒತ್ತಡ ಅಷ್ಟು ಶಾಖ ಒಟ್ಟಿಗೆ ತಡೆಯೋ ಅಂಥಾ ಯಂತ್ರ ಯಾವ ಉದ್ಯಮದಲ್ಲೂ ಇಲ್ಲದ ಕಾಲದಲ್ಲಿ, ಅದನ್ನ ಬೇರೆ ಯಾರು ಮಾಡ್ತಿದ್ರು ಅಂತ ನನಗೆ ಹೊಳೆಯಲ್ಲ. ಬಾಶ್ ಕೂಡ ಕಳಂಕ ಇಲ್ಲದವರೇನಲ್ಲ, ಅವರು ನಡೆಸಿದ ಐಜಿ ಫಾರ್ಬೆನ್ ಅನ್ನೋ ದೊಡ್ಡ ಕೆಮಿಕಲ್ ಕಂಪನಿ ಹಿಟ್ಲರ್ ಸರ್ಕಾರದ ಜೊತೆ ಒಪ್ಪಂದ ಮಾಡ್ಕೊಳ್ತು. ಆದ್ರೂ ಪ್ರಶ್ನೆ ಬದಲಾಯಿಸಿದ್ದು ಯಾರು ಅಂತ, ಹಾಗಾಗಿ ಉತ್ತರ ಅದೇ. ಇನ್ನೂ ಎರಡು ಹೆಸರಿಗೆ ಜಾಗ ಕೊಟ್ರೆ ಮಿಟಾಷ್ ಮತ್ತೆ ಲೆ ರೊಸಿನ್ಯೋಲ್ ಅಂತ ಸೇರಿಸ್ತೀನಿ, ಅವರಿಬ್ಬರಿಗೂ ನೊಬೆಲ್ ಬರ್ಲಿಲ್ಲ.